ಗುಂಡಿಗೆಗೆ ರಕ್ತ ಕೊಡುವ ಎರಡು ಕವಲು

ರಾವೂರ, ವಾಡಿ, ಶಹಾಬಾದ್ ಕಡೆ ಯಾರಿಗಾದರೂ ಎದೆ ಹಿಡಿದರೆ ಮೊದಲು ಬರುವ ಮಾತು, "ಗ್ಯಾಸ್ ಆಗ್ಯಾದ, ಸೋಡಾ ಕುಡಿ". ಪರ್ಸಿ ಕಲ್ಲಿನ ಕೆಲಸದವರಿರಲಿ, ತೊಗರಿ ಹೊಲದವರಿರಲಿ, ಎಲ್ಲರ ಬಾಯಲ್ಲೂ ಇದೇ. ಕೆಲವು ಸಲ ಅದು ಗ್ಯಾಸೇ ಇರುತ್ತದೆ. ಕೆಲವು ಸಲ ಇರುವುದಿಲ್ಲ, ಆಗ ಕಲಬುರಗಿಯಿಂದ ತಂದ ರಿಪೋರ್ಟಿನಲ್ಲಿ 'ಎಲ್‌ಎಡಿ ಬ್ಲಾಕ್' ಅಂತ ಬರೆದಿರುತ್ತದೆ. ಈ ಎಲ್‌ಎಡಿ ಎಲ್ಲಿದೆ, ಅದನ್ನು ಮನುಷ್ಯರು ಕಂಡುಕೊಂಡದ್ದು ಹೇಗೆ ಎಂದು ನಾವು ಓದುತ್ತ ಹೋದೆವು. ಕಥೆ ಎರಡು ಸಾವಿರ ವರ್ಷ ಹಿಂದಕ್ಕೆ ಹೋಯಿತು.

ಮೊದಲು ಜಾಗ ನೋಡೋಣ. ಖಂಡದ ಅಂಗಡಿಯಲ್ಲಿ ಕುರಿಯ ಗುಂಡಿಗೆ ನೋಡಿದವರಿಗೆ ಗೊತ್ತು, ಅದರ ನೆತ್ತಿಯ ಮೇಲೆ ಬೆಳ್ಳಗೆ, ರಬ್ಬರಿನಂಥ ದಪ್ಪ ಗೋಡೆಯ ಕೊಳವೆ ಇರುತ್ತದೆ. ಅದೇ ಮಹಾಪಧಮನಿ. ಡಾಕ್ಟರರು ಅಯೋರ್ಟಾ ಅನ್ನುತ್ತಾರೆ. ಮನುಷ್ಯನಲ್ಲಿ ಅದರ ಅಗಲ ಸುಮಾರು 3 ಸೆಂಟಿಮೀಟರ್. ಗುಂಡಿಗೆಯ ಎಡಗಡೆಯ ಕೆಳಕೋಣೆಯಿಂದ ಹೊರಟು, ಮೇಲೇರಿ, ಊರುಗೋಲಿನ ಹಿಡಿಯಂತೆ ಬಾಗಿ, ಬೆನ್ನೆಲುಬಿನ ಮುಂದೆಯೇ ಕೆಳಗಿಳಿಯುತ್ತದೆ. ಹೊಕ್ಕುಳಿನ ಹತ್ತಿರ ಎರಡಾಗಿ ಸೀಳಿ ಕಾಲಿಗೆ ಹೋಗುತ್ತದೆ. ಬಾಗಿದ ಜಾಗದಲ್ಲಿ ತಲೆಗೆ, ಕೈಗೆ ಮೂರು ಕವಲು. ನಾವು ಸುಮ್ಮನೆ ಕೂತಾಗಲೂ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಇದರಲ್ಲಿ ಹರಿಯುತ್ತದೆ.

ಆದರೆ ಈ ಎಲ್ಲ ಕವಲಿಗಿಂತ ಮುಂಚೆ, ಕೊಳವೆಯ ಬುಡದಲ್ಲೇ, ಎರಡು ಸಣ್ಣ ತೂತು ಇವೆ. ಅಂಗಿಯ ಜೇಬಿನಂಥ ಮೂರು ಪದರದ ಕವಾಟ ಇರುತ್ತದಲ್ಲ, ಅದರ ತುಸು ಮೇಲೆ. ಅಲ್ಲಿಂದ ಹೊರಡುವ ಎಡ ಮತ್ತು ಬಲ ಕವಲುಗಳು ಮೂರು-ನಾಲ್ಕು ಮಿಲಿಮೀಟರ್ ಅಗಲ ಅಷ್ಟೇ. ಅವು ಗುಂಡಿಗೆಯ ಮೈಮೇಲೆ ಹಬ್ಬಿ ಅದಕ್ಕೇ ರಕ್ತ ಉಣಿಸುತ್ತವೆ. ಕಿರೀಟದಂತೆ ಸುತ್ತಿಕೊಂಡಿವೆ ಎಂದು ಇವಕ್ಕೆ ಕರೋನರಿ ಎಂಬ ಹೆಸರು. ಹೌದು, ಕೊರೊನಾ ವೈರಸ್ಸಿನ ಹೆಸರಿಗೂ ಅದೇ ಲ್ಯಾಟಿನ್ ಪದ ಮೂಲ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಗುಂಡಿಗೆಯ ಒಳಗೇ ರಕ್ತ ತುಂಬಿರುವಾಗ ಬೇರೆ ಕವಲು ಯಾಕೆ? ಹಿಂದಿನ ಪಂಡಿತರಿಗೂ ಇದು ತೊಡಕಾಗಿತ್ತು.

ಪುರಾತನ ಗ್ರೀಕರಲ್ಲಿ ಕೆಲವರು ಅಪಧಮನಿಗಳಲ್ಲಿ ಗಾಳಿ ಹರಿಯುತ್ತದೆ ಎಂದು ನಂಬಿದ್ದರು. ಸತ್ತ ದೇಹದಲ್ಲಿ ಅವು ಖಾಲಿ ಕಾಣುತ್ತವೆ, ಅದಕ್ಕೆ. ಎರಡನೇ ಶತಮಾನದ ಗ್ಯಾಲನ್ ಜೀವಂತ ಪ್ರಾಣಿಯ ಅಪಧಮನಿಯನ್ನು ಎರಡು ಕಡೆ ಕಟ್ಟಿ, ನಡುವೆ ಕೊಯ್ದು, ಒಳಗಿರುವುದು ರಕ್ತ ಎಂದು ತೋರಿಸಿದ. ನಮ್ಮ ಸುಶ್ರುತ ಸಂಹಿತೆ 24 ಧಮನಿ ಎಣಿಸಿ, ಅವು ಹೊಕ್ಕುಳಿನಿಂದ ಹುಟ್ಟುತ್ತವೆ ಎನ್ನುತ್ತದೆ. ಹೊಟ್ಟೆಯೊಳಗಿನ ಕೂಸಿಗೆ ಆಹಾರ ಹೋಗುವುದು ಹೊಕ್ಕುಳಿನಿಂದಲೇ ಅಲ್ಲವೇ, ಹಾಗಾಗಿ ಅದನ್ನು ನಗೆಯಾಡುವಂತಿಲ್ಲ.

ನಮ್ಮ ಪ್ರಶ್ನೆಗೆ ನೇರ ಉತ್ತರ ಕೊಟ್ಟವರು ಇಬ್ನ್ ಅಲ್ ನಫೀಸ್. ಡಮಾಸ್ಕಸ್‌ನಲ್ಲಿ ಕಲಿತು ಕೈರೋದಲ್ಲಿ ವೈದ್ಯರಾಗಿದ್ದವರು. ಕಲಬುರಗಿಯ ಹಕೀಮರ ಯುನಾನಿ ಪದ್ಧತಿ ನಿಂತಿರುವುದು ಇಬ್ನ್ ಸೀನಾ ಅವರ ಗ್ರಂಥದ ಮೇಲೆ. ಗುಂಡಿಗೆ ತನ್ನ ಬಲಕೋಣೆಯ ರಕ್ತದಿಂದಲೇ ಪೋಷಣೆ ಪಡೆಯುತ್ತದೆ ಎಂದು ಅದರಲ್ಲಿತ್ತು. 1242ರ ಸುಮಾರಿಗೆ ಅದಕ್ಕೆ ಟೀಕೆ ಬರೆದ ಅಲ್ ನಫೀಸ್, ಇದು ತಪ್ಪು, ಗುಂಡಿಗೆಯ ಮಾಂಸದೊಳಗೆ ಹಬ್ಬಿದ ನಾಳಗಳೇ ಅದಕ್ಕೆ ಪೋಷಣೆ ಕೊಡುತ್ತವೆ ಎಂದರು. ರಕ್ತ ಶ್ವಾಸಕೋಶ ಸುತ್ತಿ ಬರುತ್ತದೆ ಎಂದೂ ಬರೆದರು. ಕಲಬುರಗಿಯಲ್ಲಿ ಬಹಮನಿ ರಾಜ್ಯ ಶುರುವಾಗುವುದಕ್ಕೆ ಇನ್ನೂ ನೂರು ವರ್ಷ ಇತ್ತು. ಆ ಬರಹ ಮರೆತೇ ಹೋಗಿ, 1924ರಲ್ಲಿ ಬರ್ಲಿನ್ನಿನ ಗ್ರಂಥಾಲಯದಲ್ಲಿ ಈಜಿಪ್ಟಿನ ವೈದ್ಯರೊಬ್ಬರ ಕಣ್ಣಿಗೆ ಬಿತ್ತು. ಅಷ್ಟರಲ್ಲಿ 1628ರಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ವೆ ರಕ್ತ ಇಡೀ ಮೈ ಸುತ್ತುತ್ತದೆ ಎಂದು ಸಿದ್ಧಮಾಡಿ ಆಗಿತ್ತು.

ಬದುಕಿರುವವರ ಎದೆಯಲ್ಲಿ ಆ ಎರಡು ಕವಲು ನೋಡುವುದು ಮಾತ್ರ ಬೇರೆಯೇ ಮಾತು. 1929ರಲ್ಲಿ ಜರ್ಮನಿಯ ವರ್ನರ್ ಫೋರ್ಸ್‌ಮನ್ ತನ್ನ ಕೈಯ ನರದಿಂದ ತನ್ನದೇ ಗುಂಡಿಗೆಯವರೆಗೆ ನಳಿಕೆ ತೂರಿಸಿ ಎಕ್ಸ್‌ರೇ ತೆಗೆಸಿಕೊಂಡ. ಹುಚ್ಚು ಧೈರ್ಯವೇ ಸರಿ. 1956ರಲ್ಲಿ ನೊಬೆಲ್ ಬಂತು. 1958ರಲ್ಲಿ ಅಮೆರಿಕದ ಮೇಸನ್ ಸೋನ್ಸ್ ಒಬ್ಬ ರೋಗಿಯ ಮಹಾಪಧಮನಿಗೆ ಬಣ್ಣ ಬಿಡುವಾಗ ನಳಿಕೆ ಜಾರಿ ಬಲಗವಲಿನ ತೂತಿಗೆ ಸೇರಿಬಿಟ್ಟಿತು. ಗುಂಡಿಗೆ ನಿಂತಿತು. ಜೋರಾಗಿ ಕೆಮ್ಮು ಎಂದರು, ಕೆಮ್ಮಿದ ಮೇಲೆ ಮತ್ತೆ ಬಡಿಯಿತು. ಆ ತಪ್ಪಿನಿಂದಲೇ ಆಂಜಿಯೋಗ್ರಾಮ್ ಹುಟ್ಟಿದ್ದು. 1977ರಲ್ಲಿ ಜ್ಯೂರಿಕ್‌ನ ಆಂಡ್ರಿಯಾಸ್ ಗ್ರುಂಟ್‌ಜಿಗ್, ತಾನು ಅಡುಗೆಮನೆಯಲ್ಲಿ ಕೂತು ರೂಪಿಸಿದ್ದ ಬಲೂನು ನಳಿಕೆಯ ವಿದ್ಯೆಯಿಂದ ಕಟ್ಟಿಕೊಂಡ ಕವಲನ್ನು ಬಿಡಿಸಿದ.

ಆ ವಿದ್ಯೆ ನಮ್ಮ ಕಡೆಗೆ ಬಂದದ್ದು ತಡವಾಗಿ. ಜಯದೇವ ಹೃದ್ರೋಗ ಸಂಸ್ಥೆಯ ಕಲಬುರಗಿ ಶಾಖೆ ಶುರುವಾದದ್ದು 2016ರಲ್ಲಿ. 371(ಜೆ) ನೆನಪಿಗೆ 371 ಹಾಸಿಗೆಯ ಸ್ವಂತ ಕಟ್ಟಡ 2024ರ ಡಿಸೆಂಬರಿನಲ್ಲಿ ಉದ್ಘಾಟನೆಯಾಯಿತು. ಔಷಧಿ ಲೇಪಿಸಿದ ಸ್ಟೆಂಟಿಗೆ ಲಕ್ಷ ರೂಪಾಯಿ ಮೇಲೆ ವಸೂಲಾಗುತ್ತಿದ್ದುದನ್ನು ಕೇಂದ್ರ ಸರ್ಕಾರ 2017ರ ಫೆಬ್ರುವರಿಯಲ್ಲಿ ತೆರಿಗೆ ಬಿಟ್ಟು 29,600 ರೂಪಾಯಿಗೆ ಕಟ್ಟಿಹಾಕಿತು. 46ನೇ ವಯಸ್ಸಿಗೇ ಹೋದ ನಟ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ, ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ಹೃದಯ ತಜ್ಞರು ಅಲ್ಲಿಂದಲೇ ನೋಡುತ್ತಾರೆ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಪುಕ್ಕಟೆ. ಆದರೆ ಅದು ಚೆನ್ನಾಗಿ ಕೆಲಸ ಮಾಡುವುದು ನೋವು ಶುರುವಾದ ಮೊದಲ ಕೆಲವು ತಾಸಿನಲ್ಲಿ. ಸೋಡಾ ಕುಡಿದು, ಬೆಳತನಕ ನೋಡೋಣ ಅಂದಾಗ ಹೋಗುವುದು ಆ ತಾಸುಗಳೇ.

ಮನೆಯಲ್ಲಿ ಹಳೇ ರಿಪೋರ್ಟ್ ಇದ್ದರೆ ತೆಗೆದು ನೋಡಿ. ಆರ್‌ಸಿಎ ಅಂದರೆ ಬಲಗವಲು. ಎಡಗವಲು ಬುಡದಲ್ಲೇ ಎರಡಾಗುತ್ತದೆ. ಹಿಂದಕ್ಕೆ ಸುತ್ತಿ ಹೋಗುವುದು ಎಲ್‌ಸಿಎಕ್ಸ್. ಮುಂಭಾಗದಲ್ಲಿ ಕೆಳಗಿಳಿದು ಎಡಕೋಣೆಯ ದೊಡ್ಡ ಪಾಲಿಗೆ ರಕ್ತ ಕೊಡುವುದೇ ಎಲ್‌ಎಡಿ.