ಹಾಯಿಹಡಗಿನಲ್ಲಿ ಬಂದ ಸಂಸಾರ, ಪಾಳುಬಿದ್ದ ಬಂದರು: ಆ್ಯಂಟಿಗಾ ದ್ವೀಪದ ಕತೆ



ಆ್ಯಂಟಿಗಾ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಕ್ರಿಕೆಟ್. 2002ರ ಮೇ ತಿಂಗಳಲ್ಲಿ ದವಡೆ ಮುರಿದಿದ್ದರೂ ಮುಖಕ್ಕೆ ಬ್ಯಾಂಡೇಜ್ ಸುತ್ತಿಕೊಂಡೇ ಬೌಲಿಂಗ್‌ಗೆ ಇಳಿದ ನಮ್ಮ ಅನಿಲ್ ಕುಂಬ್ಳೆ, ಬ್ರಯಾನ್ ಲಾರಾ ಅವರನ್ನು ಔಟ್ ಮಾಡಿದ್ದು ಈ ದ್ವೀಪದಲ್ಲೇ. ವಿವಿಯನ್ ರಿಚರ್ಡ್ಸ್ ಹುಟ್ಟಿ ಬೆಳೆದದ್ದೂ ಇಲ್ಲೇ. ಆದರೆ ಇವತ್ತಿನ ಕತೆ ಮೈದಾನದ್ದಲ್ಲ. ರಾಜಧಾನಿ ಸೇಂಟ್ ಜಾನ್ಸ್‌ನಿಂದ ಹೊರಟು ದ್ವೀಪದ ದಕ್ಷಿಣ ತುದಿಗೆ ಹೋದರೆ ಇಂಗ್ಲಿಷ್ ಹಾರ್ಬರ್ ಎಂಬ ಬಂದರು ಸಿಗುತ್ತದೆ. ನಾವು ಹೋಗಬೇಕಿರುವುದು ಅಲ್ಲಿಗೆ.

ಕಾಲ 1949. ಎರಡನೇ ಮಹಾಯುದ್ಧ ಮುಗಿದು ಕೆಲವೇ ವರ್ಷ. ಬ್ರಿಟನ್ನಿನ ನೌಕಾಪಡೆಯಿಂದ ನಿವೃತ್ತರಾದ ಕಮಾಂಡರ್ ವರ್ನನ್ ನಿಕಲ್ಸನ್ ಎಂಬ ಅಧಿಕಾರಿ, ಹೆಂಡತಿ ಮತ್ತು ಬೆಳೆದ ಇಬ್ಬರು ಗಂಡುಮಕ್ಕಳಾದ ರಾಡ್ನಿ ಮತ್ತು ಡೆಸ್ಮಂಡ್ ಜೊತೆ ಮಾಲಿಹಾಕ್ ಎಂಬ ಹಳೆಯ ಸ್ಕೂನರ್‌ನಲ್ಲಿ ಇಲ್ಲಿಗೆ ಬಂದರು. ಸ್ಕೂನರ್ ಅಂದರೆ ಎರಡೋ ಅದಕ್ಕಿಂತ ಹೆಚ್ಚೋ ಹಾಯಿಕಂಬಗಳಿರುವ ಹಡಗು. ಅವರಿಗೆ ಹೋಗಬೇಕಿದ್ದದ್ದು ಆಸ್ಟ್ರೇಲಿಯಾಕ್ಕೆ. ಆ್ಯಂಟಿಗಾ ದಾರಿಯಲ್ಲಿ ಸಿಕ್ಕ ತಂಗುದಾಣ, ಅಷ್ಟೇ. ಆದರೆ ಅವರು ಆಸ್ಟ್ರೇಲಿಯಾ ಮುಟ್ಟಲೇ ಇಲ್ಲ.

ಅವರ ಕಣ್ಣಿಗೆ ಬಿದ್ದದ್ದೇನು? ಮೂರು ಕಡೆ ಗುಡ್ಡ, ಒಳಗೆ ಗಾಳಿ ಅಲೆಗಳ ಕಾಟವಿಲ್ಲದ ನೀರು. ದಡದಲ್ಲಿ ದಪ್ಪ ಗೋಡೆಯ ಇಟ್ಟಿಗೆ ಕಟ್ಟಡಗಳು, ಛಾವಣಿ ಕುಸಿದು, ಗಿಡಗಂಟಿ ಬೆಳೆದು ಪಾಳುಬಿದ್ದಿದ್ದವು. ಒಂದು ಕಾಲದಲ್ಲಿ ಇದು ಕೆರಿಬಿಯನ್ ಸಮುದ್ರದಲ್ಲಿ ಬ್ರಿಟಿಷ್ ನೌಕಾಪಡೆಯ ದೊಡ್ಡ ನೆಲೆ. 1889ರಲ್ಲಿ ನೌಕಾಪಡೆ ಬಾಗಿಲು ಹಾಕಿ ಹೊರಟುಹೋಗಿತ್ತು. ನಿಕಲ್ಸನ್ ಸಂಸಾರ ಹಡಗಿನಿಂದ ಇಳಿದು, ಹಿಂದೆ ಸಂಬಳ ಬಟವಾಡೆ ಅಧಿಕಾರಿ ಇರುತ್ತಿದ್ದ ಪಾಳು ಮನೆಯನ್ನು ರಿಪೇರಿ ಮಾಡಿಕೊಂಡು ಅಲ್ಲೇ ನೆಲೆಸಿತು.

ಸರಿ, ನೆಲೆಸಿದ್ದಾಯಿತು. ಹೊಟ್ಟೆಪಾಡು? ಅದೇ ದ್ವೀಪದಲ್ಲಿ ಆಗಷ್ಟೇ ಶ್ರೀಮಂತ ಅಮೆರಿಕನ್ನರಿಗಾಗಿ ಮಿಲ್ ರೀಫ್ ಎಂಬ ಕ್ಲಬ್ ಶುರುವಾಗಿತ್ತು. ಅಲ್ಲಿನ ಅತಿಥಿಗಳು, ನಿಮ್ಮ ಹಡಗಿನಲ್ಲಿ ನಮ್ಮನ್ನೂ ಒಂದಷ್ಟು ಸುತ್ತಾಡಿಸ್ತೀರಾ ಅಂತ ಕೇಳಿದರು. ಅಪ್ಪ ಮಕ್ಕಳು ಒಪ್ಪಿಕೊಂಡರು. ಕೆರಿಬಿಯನ್ ದ್ವೀಪಗಳಲ್ಲಿ ಚಾರ್ಟರ್ ದೋಣಿಯ ಕಸುಬು ಒಂದು ಉದ್ಯಮವಾಗಿ ಬೆಳೆಯಲು ಇದು ಮುಖ್ಯ ಆರಂಭ.

ಚಾರ್ಟರ್ ಅಂದರೆ ಏನು ಅಂತ ಒಂದು ಮಾತು ಹೇಳಿಬಿಡ್ತೀನಿ. ಇಲ್ಲಿ ಟಿಕೆಟ್ ಕೊಂಡು ಸೀಟು ಹಿಡಿಯೋದಿಲ್ಲ. ಒಂದು ವಾರಕ್ಕೋ ಎರಡು ವಾರಕ್ಕೋ ಇಡೀ ದೋಣಿಯನ್ನೇ ಬಾಡಿಗೆಗೆ ಹಿಡಿಯುತ್ತಾರೆ. ದೋಣಿ ನಡೆಸುವ ಕ್ಯಾಪ್ಟನ್, ಅಡುಗೆಯವರು, ಕೈಯಾಳು ಎಲ್ಲ ದೋಣಿಯಲ್ಲೇ ಇರುತ್ತಾರೆ. ಎಷ್ಟೋ ದೋಣಿಗಳಲ್ಲಿ ಕ್ಯಾಪ್ಟನ್ ಗಂಡ, ಅಡುಗೆ ಹೆಂಡತಿಯದು. ಅಂದರೆ ಅವರ ಮನೆ, ಅಂಗಡಿ, ಆಫೀಸು ಮೂರೂ ಒಂದೇ. ಗಿರಾಕಿಗಳು ಬಂದಾಗ ಒಳ್ಳೆಯ ಕೋಣೆ ಅವರಿಗೆ ಬಿಟ್ಟುಕೊಟ್ಟು, ಮನೆಯವರು ಮುಂದಿನ ಮೂಲೆಯಲ್ಲಿ ಮುದುರಿ ಮಲಗಬೇಕು. ಗಂಡ ಹೆಂಡತಿ ಜಗಳವಾಡಿದರೂ ಗಿರಾಕಿಗೆ ಕೇಳಿಸಬಾರದು. ನೀರನ್ನಂತೂ ಅಳೆದು ಅಳೆದು ಬಳಸಬೇಕು. ದಡದಲ್ಲೂ ನೀರಿಗೆ ಬರವೇ. ಮಳೆ ಕಡಿಮೆ ಬೀಳುವ ಆ್ಯಂಟಿಗಾದಲ್ಲಿ ಛಾವಣಿಯ ನೀರನ್ನು ತೊಟ್ಟಿಗಳಲ್ಲಿ ಹಿಡಿದಿಟ್ಟುಕೊಳ್ಳುವ ರೂಢಿ ಹಿಂದಿನಿಂದಲೂ ಇದೆ.

ದುಡಿಮೆಗೂ ಒಂದು ಕಾಲ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ, ಅಮೆರಿಕ ಯುರೋಪಿನಲ್ಲಿ ಚಳಿ ಇರುವಾಗ ಇಲ್ಲಿ ಸುಗ್ಗಿ. ಜೂನ್‌ನಿಂದ ನವೆಂಬರ್ ಚಂಡಮಾರುತದ ಕಾಲ. ನಮ್ಮ ಕರಾವಳಿಯಲ್ಲಿ ಮಳೆಗಾಲಕ್ಕೆ ಮೀನುಗಾರಿಕೆ ದೋಣಿಗಳು ದಡ ಸೇರುತ್ತವಲ್ಲ, ಹಾಗೆಯೇ ಅಲ್ಲೂ. ದೋಣಿಯ ತಳ ಕೆರೆಯೋದು, ಬಣ್ಣ ಬಳಿಯೋದು, ಹಾಯಿ ಹೊಲಿಯೋದು ಎಲ್ಲ ಆಗಲೇ. ನಿಕಲ್ಸನ್ ಕುಟುಂಬ ಬಂದ ಮರುವರ್ಷವೇ, ಅಂದರೆ 1950ರ ಆಗಸ್ಟ್ ಕೊನೆಯ ಹೊತ್ತಿಗೆ, ಎರಡು ವಾರದೊಳಗೆ ಎರಡು ಚಂಡಮಾರುತಗಳು ಆ್ಯಂಟಿಗಾಗೆ ಬಡಿದವು.

ಆದರೂ ಕಸುಬು ಬೆಳೆಯಿತು. ಬೇರೆ ದೋಣಿಗಳೂ ಬಂದು ಸೇರಿದವು. ಬಂದರನ್ನು ಉಳಿಸಲು 1951ರಲ್ಲಿ, ಗವರ್ನರ್ ಕೆನೆತ್ ಬ್ಲ್ಯಾಕ್‌ಬರ್ನ್ ಮುಂದಾಳತ್ವದಲ್ಲಿ, ಇಂಗ್ಲಿಷ್ ಹಾರ್ಬರ್ ಗೆಳೆಯರ ಸಂಘ ಹುಟ್ಟಿತು. ಹತ್ತು ವರ್ಷದ ರಿಪೇರಿ ಮುಗಿದು 1961ರಲ್ಲಿ ಬಂದರು ಮತ್ತೆ ವಿಧ್ಯುಕ್ತವಾಗಿ ತೆರೆಯಿತು. 1969ರಲ್ಲಿ ಪಕ್ಕದ ಬ್ರಿಟಿಷ್ ವರ್ಜಿನ್ ದ್ವೀಪಗಳಲ್ಲಿ ಚಾರ್ಲಿ ಮತ್ತು ಜಿನ್ನಿ ಕ್ಯಾರಿ ಎಂಬ ಇನ್ನೊಂದು ದಂಪತಿ, ಸಿಬ್ಬಂದಿ ಇಲ್ಲದೆ ಬರೀ ದೋಣಿಯನ್ನು ಬಾಡಿಗೆಗೆ ಕೊಡುವ ಮೂರಿಂಗ್ಸ್ ಕಂಪನಿ ಶುರು ಮಾಡಿದರು. ಆ್ಯಂಟಿಗಾದಲ್ಲಿ ಕಬ್ಬಿನ ಉದ್ಯಮ ಸಾಯುತ್ತಿದ್ದ ಕಾಲ ಅದು. ಗದ್ದೆ ಬಿಟ್ಟವರಿಗೆ ಪ್ರವಾಸೋದ್ಯಮವೇ ಅನ್ನದ ದಾರಿಯಾಯಿತು.

ಕತೆ ಇಲ್ಲಿಗೆ ಮುಗಿಸಿದರೆ ಕೇಳೋಕೆ ಚೆನ್ನಾಗಿರುತ್ತೆ. ಒಂದು ಧೈರ್ಯಸ್ಥ ಕುಟುಂಬ ಬಂತು, ಪಾಳುಬಿದ್ದ ಬಂದರಿಗೆ ಜೀವ ಬಂತು. ಬಹುಕಾಲ ಈ ಬಂದರಿನ ಕತೆಯನ್ನು ಹೇಳುತ್ತಿದ್ದದ್ದೂ ಹೀಗೆಯೇ. ಅದರ ಹೆಸರೇ ನೋಡಿ, ನೆಲ್ಸನ್ಸ್ ಡಾಕ್‌ಯಾರ್ಡ್. ಮುಂದೆ ಟ್ರಫಾಲ್ಗರ್ ಕದನದಲ್ಲಿ ಹೆಸರು ಮಾಡಿದ ಹೊರೇಶಿಯೋ ನೆಲ್ಸನ್ 1784ರಿಂದ 1787ರವರೆಗೆ ಇಲ್ಲಿ ಯುವ ಕ್ಯಾಪ್ಟನ್ ಆಗಿದ್ದ. ಇದ್ದದ್ದು ಬರೀ ಮೂರು ವರ್ಷ. ಬಂದರಿನ ಕೆಲಸ ಶುರುವಾದದ್ದು 1720ರ ದಶಕದಲ್ಲಿ, ಅಂದರೆ ಆತ ಹುಟ್ಟುವ ಮೊದಲೇ.

ಹಾಗಾದರೆ ಇದನ್ನು ಕಟ್ಟಿದ್ದು ಯಾರು? ಆಫ್ರಿಕಾದಿಂದ ಹಡಗುಗಳಲ್ಲಿ ತುಂಬಿ ತಂದ ಗುಲಾಮರು. ಹತ್ತಿರದ ಕಬ್ಬಿನ ತೋಟಗಳ ಮಾಲೀಕರು ಅವರನ್ನು ಬಂದರಿನ ಕೆಲಸಕ್ಕೆ ಕಳಿಸುತ್ತಿದ್ದರು. ಬಡಗಿ, ಕಮ್ಮಾರ, ಕಲ್ಲುಕುಟಿಗ ಎಲ್ಲ ಅವರೇ. ಯುದ್ಧದ ಹಡಗುಗಳನ್ನು ದಪ್ಪ ಹಗ್ಗ ಕಟ್ಟಿ, ರಾಟೆ ತಿರುಗಿಸಿ ಪಕ್ಕಕ್ಕೆ ವಾಲಿಸಿ ತಳ ಕೆರೆಯಬೇಕಿತ್ತು. ಆ ರಾಟೆಗಳು ಇವತ್ತಿಗೂ ಅಲ್ಲಿವೆ. 1744ರ ಮಾರ್ಚ್ 8ರಂದು ಸಿಡಿಮದ್ದು ಸ್ಫೋಟಗೊಂಡು ಇಲ್ಲಿ ದುಡಿಯುತ್ತಿದ್ದ 8 ಮಂದಿ ಗುಲಾಮರು ಸತ್ತರು. ಅವರಿಗೂ ಸಂಸಾರ ಇತ್ತಲ್ವಾ? ಆ ಮನೆಗಳ ಕತೆಯನ್ನು ಯಾರೂ ಬರೆದಿಡಲಿಲ್ಲ. ದ್ವೀಪದಲ್ಲಿ ಗುಲಾಮಗಿರಿ ಕೊನೆಯಾದದ್ದು 1834ರ ಆಗಸ್ಟ್ 1ರಂದು.

ವಿಶೇಷ ಏನಂದರೆ, ಈ ಮಣ್ಣಿನಡಿಯ ಕತೆಯನ್ನು ಹುಡುಕಲು ಹೊರಟವರಲ್ಲಿ ಅದೇ ಚಾರ್ಟರ್ ಕುಟುಂಬದ ಮಗ ಡೆಸ್ಮಂಡ್ ನಿಕಲ್ಸನ್ ಕೂಡ ಒಬ್ಬರು. ದೋಣಿ ವ್ಯವಹಾರ ಮಾಡುತ್ತಲೇ ಅವರಿಗೆ ಉತ್ಖನನದ ಹುಚ್ಚು ಹತ್ತಿತು. ಯುರೋಪಿನವರು ಬರುವ ಮೊದಲು ಇಲ್ಲಿ ಬಾಳಿದ ಮೂಲನಿವಾಸಿಗಳ ಮಡಕೆ ಚೂರು, ಚಿಪ್ಪಿನ ಹತ್ಯಾರುಗಳನ್ನು ಹುಡುಕಿದರು. ಸೇಂಟ್ ಜಾನ್ಸ್‌ನ ಹಳೆಯ ಕೋರ್ಟ್ ಕಟ್ಟಡದಲ್ಲಿ ಆ್ಯಂಟಿಗಾ ಮತ್ತು ಬಾರ್ಬುಡಾ ವಸ್ತುಸಂಗ್ರಹಾಲಯ ಶುರುವಾಗಲು ಅವರೇ ಮುಖ್ಯ ಕಾರಣ. ಇತ್ತೀಚಿನ ವರ್ಷಗಳಲ್ಲಿ ಬಂದರಿನ ಸಂಶೋಧಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಹಳೆಯ ದಾಖಲೆಗಳಿಂದ ಗುಲಾಮ ಕೆಲಸಗಾರರ ಹೆಸರುಗಳನ್ನು ಒಂದೊಂದಾಗಿ ಹೆಕ್ಕಿ ತೆಗೆಯುವ ಆ ಯೋಜನೆಗೆ, ಸ್ಫೋಟದ ನೆನಪಿಗಾಗಿ, ‘ಮಾರ್ಚ್ 8’ ಎಂದೇ ಹೆಸರು.

ಇದರ ಫಲ ಹೆಸರಿನಲ್ಲೂ ಕಾಣುತ್ತದೆ. 2016ರ ಜುಲೈನಲ್ಲಿ ಯುನೆಸ್ಕೊ ಈ ಬಂದರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ನೆಲ್ಸನ್ ಹೆಸರನ್ನು ಬಳಸಲಿಲ್ಲ. ಪಟ್ಟಿಯಲ್ಲಿರುವುದು ಆ್ಯಂಟಿಗಾ ನೌಕಾ ಡಾಕ್‌ಯಾರ್ಡ್ ಮತ್ತು ಅದಕ್ಕೆ ಸಂಬಂಧಿಸಿದ ಪುರಾತತ್ವ ತಾಣಗಳು ಎಂದು. ಅದನ್ನು ಕಟ್ಟಿದ್ದು ಗುಲಾಮ ಆಫ್ರಿಕನ್ನರ ದುಡಿಮೆ ಎಂಬುದನ್ನೂ ಅಲ್ಲಿ ನೇರವಾಗಿ ಹೇಳಿದ್ದಾರೆ.

ನಿಕಲ್ಸನ್ ಕುಟುಂಬದ ಶ್ರಮ ಸಣ್ಣದೇನಲ್ಲ. ಅವರು ಬರದಿದ್ದರೆ ಆ ಗೋಡೆಗಳು ಪೂರ್ತಿ ಕುಸಿದು, ಒಳಗಿನ ಕತೆಯೂ ಮಣ್ಣುಪಾಲಾಗುತ್ತಿತ್ತೇನೋ. ಆದರೆ ಅವರು ನೆಲೆ ನಿಲ್ಲಲು ಮೊದಲೇ ಒಂದು ಮನೆ, ಒಂದು ದಕ್ಕೆ, ಒಂದು ಗೋಡೆ ಅಲ್ಲಿತ್ತು. ಅದನ್ನು ಕಟ್ಟಿದವರಿಗೆ ಕೂಲಿಯೂ ಸಿಗಲಿಲ್ಲ, ಹೆಸರೂ ಸಿಗಲಿಲ್ಲ. ಕೂಲಿ ಕೊಡುವ ಕಾಲ ದಾಟಿಹೋಗಿದೆ. ಹೆಸರನ್ನಾದರೂ ಕೊಡಬಹುದಲ್ಲ!

ಅಂದಹಾಗೆ, ಅದೇ 2016ರ ಜುಲೈನಲ್ಲಿ ಭಾರತ ತಂಡ ಆ್ಯಂಟಿಗಾದಲ್ಲಿ ಟೆಸ್ಟ್ ಆಡುತ್ತಿತ್ತು. ವಿರಾಟ್ ಕೊಹ್ಲಿ 200 ಹೊಡೆದ ಪಂದ್ಯ. ತಂಡದ ಕೋಚ್ ಯಾರು ಗೊತ್ತಾ? ನಮ್ಮ ಕುಂಬ್ಳೆ. ನಾವೆಲ್ಲ ಸ್ಕೋರ್ ನೋಡ್ತಾ ಇದ್ದ ಆ ದಿನಗಳಲ್ಲೇ, ದ್ವೀಪದ ಇನ್ನೊಂದು ತುದಿಯಲ್ಲಿ ಇಷ್ಟೆಲ್ಲ ನಡೆದಿತ್ತು.