ತಣ್ಣಗಿರ್ರಿ

ಯಾದಗಿರಿ ಕಡೆ ಚಳಿಗೆ ಎರಡು ಮಾತುಗಳಿವೆ: ತಂಪು ಮತ್ತು ಥಂಡಿ. ಕಿವಿಗೆ ಒಂದೇ ತಾಯಿಯ ಮಕ್ಕಳೆನಿಸಿದರೂ ಇವಕ್ಕೆ ರಕ್ತಸಂಬಂಧವಿಲ್ಲ. ತಂಪು ಹುಟ್ಟಿದ್ದು ‘ತಣ್’ ಎಂಬ ಹಳೆಯ ದ್ರಾವಿಡ ಬೇರಿನಿಂದ. ತಮಿಳಿನ ತಣ್ಣೀರ್, ಮಲಯಾಳದ ತಣುಪ್ಪ್ ಅದರ ಒಡಹುಟ್ಟುಗಳು. ಥಂಡಿ ಮರಾಠಿ, ದಖನಿ ಮಾತಾಡುವವರ ಒಡನಾಟದಲ್ಲಿ ನಮ್ಮ ಮನೆ ಹೊಕ್ಕಿದ್ದು. ಊರಿನವರು ಇವೆರಡನ್ನು ಎಂದೂ ಬೆರೆಸುವುದಿಲ್ಲ. ಬೇವಿನ ನೆರಳು ತಂಪು, ಡಿಸೆಂಬರ್ ನಸುಕಿನ ಗಾಳಿ ಥಂಡಿ. ಮಜ್ಜಿಗೆ ಕುಡಿದರೆ ‘ಜೀವ ತಂಪಾತು’, ಕೂಸಿಗೆ ಮೂಗು ಸೋರಿದರೆ ‘ಥಂಡಿ ಆಗ್ಯಾದ’. ತಂಪನ್ನು ಬೇಡಿಕೊಳ್ಳುತ್ತಾರೆ, ಥಂಡಿಯಿಂದ ಮೈ ಮುಚ್ಚಿಕೊಳ್ಳುತ್ತಾರೆ. ಒಂದೇ ಹವೆಯನ್ನು ಹೀಗೆ ವರ ಮತ್ತು ಬೇನೆ ಎಂದು ಎರಡು ಪಾಲು ಮಾಡಿಟ್ಟ ಜಾಣತನ ಯಾವ ಪಂಡಿತರದೂ ಅಲ್ಲ. ಮೇ ತಿಂಗಳಲ್ಲಿ 42–43 ಡಿಗ್ರಿ ಬಿಸಿಲಿನಲ್ಲಿ ಎರೆಹೊಲದ ಬಿರುಕು ದಾಟಿ ನೀರು ತಂದವರದು ಅದು.

ತಣ್ ಎಂಬ ಈ ಪುಟ್ಟ ಬೇರು ಕನ್ನಡದಲ್ಲಿ ಎಲ್ಲೆಲ್ಲಿ ಹಬ್ಬಿದೆ ನೋಡಿ. ತಣ್ಣೀರು, ತಂಗಾಳಿ, ತಣ್ಣೆಳಲು ಇವು ಗೊತ್ತಿರುವವೇ. ರಾತ್ರಿ ಉಳಿದು ಬೆಳಿಗ್ಗೆ ತಟ್ಟೆಗೆ ಬರುವ ತಂಗಳೂ ಇದರದೇ ಕುಡಿ. ಹಸಿವು ಇಂಗಿದರೆ, ಆಸೆ ತೀರಿದರೆ ಬರುವ ತಣಿವು ಇದರದೇ. ಊರ ಗದ್ದಲ ಅಡಗಿದರೆ ‘ಎಲ್ಲಾ ತಣ್ಣಗಾತು’. ಹುಡುಗರು ಕುಣಿದಾಡುತ್ತಿದ್ದರೆ ‘ತಣ್ಣಗ ಕೂಡ್ರಿ’. ಅತಿ ಎಚ್ಚರಿಕೆಯ ಮನುಷ್ಯ ತಣ್ಣೀರನ್ನೂ ಆರಿಸಿ ಕುಡಿಯುವವನು. ಉಪಕಾರ ಮಾಡಿದವರನ್ನು ನೆನೆಯಲು ಕೂಡ ಒಂದು ವೇಳೆ ಇದೆ, ಅದು ತಂಪು ಹೊತ್ತು. ಬೆಳಗಿನ ಜಾವ, ಬಿಸಿಲು ಏಳುವ ಮುಂಚೆ, ಮನಸ್ಸು ಯಾರ ಮೇಲೂ ಕಾಯದಿರುವ ಗಳಿಗೆ. ನಮ್ಮ ಹಳೆಯ ಕವಿಗಳು ಚಂದ್ರನನ್ನು ತಂಗದಿರ ಎಂದು ಕರೆದರು, ತಣ್ಣನೆಯ ಕಿರಣದವನು. ಇಂಗ್ಲಿಷಿನ ಹನಿಮೂನನ್ನು ಅಕ್ಷರಕ್ಕಕ್ಷರ ಬದಲಿಸಿ ನಾವು ಮಧುಚಂದ್ರ ಮಾಡಿಕೊಂಡೆವು. ಜೇನೂ ಬಂತು, ಚಂದ್ರನೂ ಬಂದ. ಆದರೆ ತಂಗದಿರನ ತಂಪು ಆ ಪದದೊಳಗೆ ಬರಲೇ ಇಲ್ಲ ಎಂಬ ಕೊರಗು ನನಗೆ ಉಳಿದೇ ಇದೆ.

ಈ ಪದ ಅತ್ಯಂತ ಆಳಕ್ಕೆ ಇಳಿದಿರುವುದು ಹೊಟ್ಟೆಯ ಜೊತೆ ಸೇರಿದಾಗ. ‘ನಿನ್ನ ಹೊಟ್ಟಿ ತಣ್ಣಗಿರಲಿ’ ಎಂಬುದು ನಮ್ಮ ಕಡೆಯ ಹಿರಿಯ ಹೆಣ್ಣುಮಕ್ಕಳು ಕೊಡುವ ಅತಿ ದೊಡ್ಡ ಹರಕೆ. ಹೊಸಬರಿಗೆ ಇದು ಉಣ್ಣುವ ಮಾತು ಅನ್ನಿಸಬಹುದು. ಅದೂ ಹೌದು, ಆದರೆ ಹೆಂಗಸಿಗೆ ಹೇಳಿದಾಗ ಹೊಟ್ಟೆ ಎಂದರೆ ಹೊಟ್ಟೆಯಲ್ಲಿ ಹುಟ್ಟಿದ್ದು. ನೀ ಹೆತ್ತ ಮಕ್ಕಳು ನಿನ್ನ ಕಣ್ಣೆದುರು ಬದುಕಲಿ, ನೀ ಅವರಿಗೆ ಮಣ್ಣು ಕೊಡುವಂತಾಗದಿರಲಿ ಎಂಬುದು ಅದರ ಒಳಗುಟ್ಟು. ಮಕ್ಕಳನ್ನು ಕಳೆದುಕೊಂಡ ತಾಯಿ ‘ಹೊಟ್ಟಿ ಉರೀತದ’ ಎನ್ನುತ್ತಾಳೆ. ಆ ಉರಿಯನ್ನು ಕಂಡ ಓಣಿಯಲ್ಲಿ ಹುಟ್ಟಿದ ಹಾರೈಕೆ ಇದು. ತೊಟ್ಟಿಲು ಬರಿದಾಗುವುದು ಸಾಮಾನ್ಯವಾಗಿದ್ದ ಕಾಲದ ಭಯವನ್ನು ಇಷ್ಟು ಮೆತ್ತಗೆ ಹೇಳುವ ಮಾತು ಬೇರೆಲ್ಲೂ ನನಗೆ ಸಿಕ್ಕಿಲ್ಲ.

ಅದೇ ಹೊಟ್ಟೆ, ಅದೇ ತಣ್ಣು ಸೇರಿ ತದ್ವಿರುದ್ಧ ಅರ್ಥ ಕೊಡುವುದೂ ಉಂಟು. ‘ಹೊಟ್ಟೆಗೆ ತಣ್ಣೀರು ಬಟ್ಟೆ’ ಎಂದರೆ ಉಪವಾಸ. ಒಲೆ ತಣ್ಣಗಿದ್ದ ಮನೆಯಲ್ಲಿ ಹೊಟ್ಟೆ ಕಾಯುತ್ತದೆ. ಹೊಟ್ಟೆ ತಣ್ಣಗಿರಬೇಕಾದರೆ ಒಲೆ ಬಿಸಿಯಾಗಿರಬೇಕು. ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಎಷ್ಟೋ ಹೊಸ ಜೋಡಿಗಳ ಮೊದಲ ದೂರದ ಪಯಣ ಇವತ್ತಿಗೂ ಗುಳೆ. ಮದುವೆಯ ಅರಿಶಿನ ಮಾಸುವ ಮುಂಚೆ ಗಂಟುಮೂಟೆ ಕಟ್ಟಿ ಬೆಂಗಳೂರಿನ ಕಟ್ಟಡಗಳ ಕಡೆಗೋ ಮುಂಬಯಿ, ಹೈದರಾಬಾದಿನ ಕಡೆಗೋ ಬಸ್ಸು ಹತ್ತುತ್ತಾರೆ. ಬಸ್ಸಿನ ಕಿಟಕಿಯಲ್ಲಿ ಕೈ ಹಿಡಿದು ತಾಯಿ ಹೇಳುವುದೂ ಇದನ್ನೇ: ‘ಎಲ್ಲೆ ಇದ್ರೂ ತಣ್ಣಗಿರ್ರಿ’. ಮಧುಚಂದ್ರದ ಮಾತೆತ್ತಿದವನು ಈ ಬಸ್ಸನ್ನು ಬಿಟ್ಟು ಬರೆಯಬಾರದು ಎಂದು ನನಗನ್ನಿಸುತ್ತದೆ.

ಯಾದಗಿರಿ ಹತ್ತಿರದ ಅಬ್ಬೆತುಮಕೂರಿನಲ್ಲಿ ಮದುವೆಯಾದ ಜೋಡಿ ಮೊದಲು ಹೋಗುವುದು ವಿಶ್ವಾರಾಧ್ಯರ ಗದ್ದುಗೆಗೆ. ಕಾಯಿ ಒಡೆಸಿ, ಭಸ್ಮ ಹಚ್ಚಿಕೊಂಡು, ಪ್ರಸಾದ ಉಂಡು ಹೊರಗೆ ಬಂದರೆ ಕಟ್ಟೆಯ ಮೇಲೆ ಕೂತ ಮುದುಕಿಯರಿಗೆಲ್ಲ ಸಾಲಾಗಿ ನಮಸ್ಕಾರ ಮಾಡಬೇಕು. ಆಗ ತಲೆಯ ಮೇಲೆ ಬೀಳುವ ಮಾತುಗಳಲ್ಲಿ ನೂರು ವರ್ಷ ಬಾಳ್ರಿ ಒಂದು, ತಣ್ಣಗಿರ್ರಿ ಇನ್ನೊಂದು. ನಮ್ಮ ಅಕ್ಕನ ಮಗಳು, ಅಳಿಯ ಇಬ್ಬರೂ ಈ ಹಾರೈಕೆ ಹೊತ್ತೇ ಸಿಯಾಟಲ್‌ಗೆ ಹೋದವರು. ಅಲ್ಲಿ ನೌಕರಿ ಮಾಡುವ ಕನ್ನಡದ ಮನೆಗಳಲ್ಲಿ ಅಲಾಸ್ಕಾದ ಹಡಗಿನ ಪ್ರವಾಸ ಈಗ ಅಪರೂಪವೇನಲ್ಲ. ಮೇಯಿಂದ ಸೆಪ್ಟೆಂಬರ್‌ವರೆಗೆ ಸಿಯಾಟಲ್ ಬಂದರಿನಿಂದಲೇ ವಾರದ ಪ್ರಯಾಣದ ಹಡಗುಗಳು ಹೊರಡುತ್ತವೆ. ಆಷಾಢ ಹತ್ತುವ ಮುಂಚೆ ಮಧುಚಂದ್ರಕ್ಕೆ ಆ ಹಡಗಿನಲ್ಲಿ ಹೋಗಿ ಬನ್ನಿ ಎಂದು ಅಕ್ಕ ಒತ್ತಾಯ ಮಾಡಿದ್ದಳು.

ಹುಡುಗಿ ಕಳಿಸಿದ ವಿಡಿಯೊ ನಮ್ಮ ಅವ್ವನ ಕೈಗೆ ಬಂತು. ಅವ್ವನ ಬದುಕಿನಲ್ಲಿ ಮಂಜುಗಡ್ಡೆಗೆ ಎರಡೇ ರೂಪ. ಬೇಸಿಗೆಯ ಗುಡುಗು ಮಳೆಯಲ್ಲಿ ಅಂಗಳಕ್ಕೆ ಬಿದ್ದು, ಮಕ್ಕಳು ಹೆಕ್ಕಿ ಬಾಯಿಗೆ ಹಾಕಿಕೊಳ್ಳುವ ಆಣಿಕಲ್ಲು ಒಂದು. ಕಟ್ಟಿಗೆ ಹೊಟ್ಟಿನಲ್ಲಿ ಹುದುಗಿಸಿ ಯಾದಗಿರಿ ಪೇಟೆಯಿಂದ ಮದುವೆ ಮನೆಗೆ ತರುತ್ತಿದ್ದ ಬರ್ಫ್ ಇನ್ನೊಂದು. ಈಗ ಕೈಯಗಲದ ಪರದೆಯಲ್ಲಿ ಅಲಾಸ್ಕಾದ ಗ್ಲೇಸಿಯರ್ ಬೇ ಕೊಲ್ಲಿಯ ಮಾರ್ಜರಿ ಹಿಮನದಿ ನಿಂತಿತ್ತು. ಸುಮಾರು 34 ಕಿ.ಮೀ. ಉದ್ದ, ಒಂದೂವರೆ ಕಿ.ಮೀ.ಗಿಂತ ತುಸು ಹೆಚ್ಚು ಅಗಲ, ನೀರಿನ ಮೇಲೆ ಸುಮಾರು 76 ಮೀಟರ್ ಎತ್ತರದ ಗೋಡೆ. ಹಡಗು ಅದರೆದುರು ನಿಂತು ಮೆಲ್ಲಗೆ ತಿರುಗುತ್ತದೆ, ಎರಡೂ ಮಗ್ಗುಲಿನ ಜನಕ್ಕೆ ಕಾಣಲೆಂದು. ಬಿಳಿಯ ನಡುವೆ ನೀಲಿ ಬಿರುಕುಗಳು. ವರ್ಷಗಟ್ಟಲೆ ಬಿದ್ದ ಹಿಮ ತನ್ನದೇ ಭಾರಕ್ಕೆ ಒತ್ತಿ ಒತ್ತಿ ಒಳಗಿನ ಗಾಳಿಯನ್ನು ಹೊರದೂಡಿ ಗಟ್ಟಿಯಾಗುತ್ತದೆ. ಅಂಥ ದಟ್ಟ ಗಡ್ಡೆ ಬೆಳಕಿನ ಕೆಂಪನ್ನು ಹೀರಿ ನೀಲಿಯನ್ನು ಹೊರಗೆ ಬಿಡುತ್ತದೆ. ‘ಇದು ಹೊಳಿ ಅಂತೀರಿ, ಹರಿಯೂದು ಕಾಣಸವಲ್ದು’ ಎಂದಳು ಅವ್ವ. ಅಷ್ಟರಲ್ಲಿ ಗೋಡೆಯ ಒಂದು ಚೂರು ಕಳಚಿ ನೀರಿಗೆ ಬಿತ್ತು. ಬಿದ್ದದ್ದು ಮೊದಲು ಕಂಡಿತು, ಸದ್ದು ಆಮೇಲೆ ಬಂತು. ಆ ಸದ್ದಿಗೆ ಅಲ್ಲಿನ ಟ್ಲಿಂಗಿಟ್ ಜನ ಬಿಳಿ ಗುಡುಗು ಎನ್ನುತ್ತಾರೆ. ಹರಿವು ಕಾಣುವುದು ಹಾಗೆಯೇ, ತುದಿಯಲ್ಲಿ ಮುರಿದಾಗ.

ಅವ್ವ ಫೋನು ಮಾಡಿಸಿಕೊಂಡು ಮೊಮ್ಮಗಳಿಗೆ ಹೇಳಿದ ಮಾತು ನನ್ನ ಕಿವಿಯಲ್ಲಿ ಹಾಗೇ ಇದೆ: ‘ಕಿವಿ ಕಟಗೊಂಡು ಬೆಚ್ಚಗಿರು ಯವ್ವಾ, ಥಂಡಿ ಹತ್ತೀತು. ಹೊಟ್ಟಿ ತಣ್ಣಗಿರಲಿ.’ ಒಂದೇ ಉಸಿರಿನಲ್ಲಿ ಬೆಚ್ಚಗೆ, ಥಂಡಿ, ತಣ್ಣಗೆ ಮೂರೂ ಬಂದವು. ಮೂರೂ ತಂತಮ್ಮ ಜಾಗದಲ್ಲಿ ಕೂತವು. ಮೈಗೆ ಬೇಕಾದದ್ದು ಬೆಚ್ಚಗೆ, ಮೈಗೆ ಬೇಡದ್ದು ಥಂಡಿ, ಬಾಳಿಗೆ ಬೇಕಾದದ್ದು ತಣ್ಣಗೆ.

ಕಿವಿ ಕಟ್ಟಿಕೊಳ್ಳುವ ಮಾತು ಬಾಣಂತಿ ಕೋಣೆಯದು. ನಮ್ಮಲ್ಲಿ ಬಾಣಂತಿಗೆ ಥಂಡಿ ತಾಗಬಾರದು. ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ, ತಲೆಗೆ ಬಿಗಿದ ಬಟ್ಟೆ, ಎರೆದುಕೊಳ್ಳಲು ಕುದಿನೀರು, ಕೂಸಿಗೆ ಬಜೆ, ಲೋಬಾನದ ಹೊಗೆ. ಅಲಾಸ್ಕಾದ ಆ ಹಿಮದ ಸೀಮೆಯಲ್ಲಿ ಕಡಲ ಸೀಲ್‌ಗಳು ಇದಕ್ಕೆ ಪೂರಾ ಉಲ್ಟಾ. ಹಿಮನದಿಯಿಂದ ಕಳಚಿ ತೇಲುವ ಗಡ್ಡೆಗಳ ಮೇಲೆಯೇ ಅವು ಮರಿ ಹಾಕಿ ಹಾಲೂಡಿಸುತ್ತವೆ. ಕೊಲ್ಲುವ ಓರ್ಕಾ ತಿಮಿಂಗಿಲಗಳಿಂದ ಅಲ್ಲಿ ಅವಕ್ಕೆ ಒಂದಷ್ಟು ರಕ್ಷಣೆ. ಗ್ಲೇಸಿಯರ್ ಬೇ ಒಳಗಿನ ಜಾನ್ಸ್ ಹಾಪ್ಕಿನ್ಸ್ ಕೊರಕಲಿಗೆ ಮೇ 1ರಿಂದ ಆಗಸ್ಟ್ 31ರವರೆಗೆ ಪ್ರವಾಸಿ ಹಡಗುಗಳು ಹೋಗುವಂತಿಲ್ಲ. ಬಾಣಂತನಕ್ಕೆ ತೊಂದರೆಯಾಗದಿರಲೆಂದೇ ಆ ಕಟ್ಟಳೆ. ಇಡೀ ಕೊಲ್ಲಿಗೂ ದಿನಕ್ಕೆ ಎರಡಕ್ಕಿಂತ ಹೆಚ್ಚು ದೊಡ್ಡ ಹಡಗುಗಳನ್ನು ಬಿಡುವುದಿಲ್ಲ. ಆ ತಾಯಿ ಸೀಲ್‌ಗಳ ಹೊಟ್ಟೆಯೂ ತಣ್ಣಗಿರಲಿ ಎಂದು ಕಾನೂನಿನ ಭಾಷೆಯಲ್ಲಿ ಬರೆದಿಟ್ಟಿದ್ದಾರೆ ಎಂದೇ ನಾನು ಓದಿಕೊಂಡೆ.

ಆ ಕೊಲ್ಲಿಯ ಮೂಲ ನಿವಾಸಿಗಳು ಹೂನಾ ಟ್ಲಿಂಗಿಟ್ ಜನ. ಹದಿನೆಂಟನೆಯ ಶತಮಾನದಲ್ಲಿ ಹಿಮನದಿ ಮುನ್ನುಗ್ಗಿ ಬಂದು ಅವರ ಹಳ್ಳಿಯನ್ನು ನುಂಗಿತು. ಪ್ರಾಯಕ್ಕೆ ಬಂದು ಒಂಟಿಯಾಗಿ ಕೂತಿದ್ದ ಹುಡುಗಿಯೊಬ್ಬಳು ಬೇಸರಕ್ಕೆ ಹಿಮವನ್ನು ಕರೆದಳು, ಅದು ಬಂದೇ ಬಿಟ್ಟಿತು ಎಂಬುದು ಅವರು ಹೇಳಿಕೊಂಡು ಬಂದ ಕಥೆ. 1794ರಲ್ಲಿ ಕ್ಯಾಪ್ಟನ್ ವ್ಯಾಂಕೂವರ್‌ನ ತಂಡ ಬಂದಾಗ ಕೊಲ್ಲಿ ಇರಬೇಕಾದ ಕಡೆ ಬಹುಪಾಲು ಹಿಮವೇ ತುಂಬಿತ್ತು. 1879ರಲ್ಲಿ ಜಾನ್ ಮ್ಯೂರ್ ದೋಣಿಯಲ್ಲಿ ಬರುವ ಹೊತ್ತಿಗೆ ಅದು 48 ಕಿ.ಮೀ.ಗೂ ಹೆಚ್ಚು ಹಿಂದೆ ಸರಿದಿತ್ತು. 1916ಕ್ಕೆ ಕೊಲ್ಲಿಯ ಬಾಯಿಂದ ಸುಮಾರು 105 ಕಿ.ಮೀ. ಒಳಗೆ. ಯಾದಗಿರಿಯಿಂದ ಹೊರಟು ಕಲಬುರಗಿ ದಾಟಿ ಹೋದಷ್ಟು ದೂರ. ಟ್ಲಿಂಗಿಟ್ ಭಾಷೆಯಲ್ಲಿ ಆ ಜಾಗದ ಹೆಸರಿನ ಅರ್ಥ ‘ಹಿಮನದಿ ಇದ್ದ ಜಾಗದ ಕೊಲ್ಲಿ’. ಕಳೆದುಹೋದದ್ದನ್ನು ಹೆಸರಿನಲ್ಲೇ ಉಳಿಸಿಕೊಂಡವರು. 2016ರಲ್ಲಿ ಅವರ ಪೂರ್ವಜರ ಹೆಸರಿನ ಮನೆಯೊಂದು ಅದೇ ಕೊಲ್ಲಿಯ ದಡದಲ್ಲಿ ಎದ್ದು ನಿಂತಿತು.

ಜೂಲಿ ಕ್ರುಯಿಕ್‌ಶ್ಯಾಂಕ್ ಎಂಬ ಮಾನವಶಾಸ್ತ್ರಜ್ಞೆ ಅಲಾಸ್ಕಾ–ಯೂಕಾನ್ ಗಡಿಯ ಹಿರಿಯರ ಮಾತುಗಳನ್ನು ಕೂಡಿಸಿ 2005ರಲ್ಲಿ ಒಂದು ಪುಸ್ತಕ ತಂದರು. ಹಿಮನದಿಗೆ ಕಿವಿ ಇದೆ, ಮೂಗಿದೆ, ಅದರ ಹತ್ತಿರ ಬಾಯಿಗೆ ಬಂದಂತೆ ಆಡಬಾರದು, ಕೊಬ್ಬು ಹಾಕಿ ಕರಿಯಬಾರದು, ಆ ವಾಸನೆಗೆ ಅದು ಕೆರಳುತ್ತದೆ ಎಂದು ಆ ಹಿರಿಯರು ಹೇಳುತ್ತಿದ್ದರು. ಓದಿದಾಗ ನನಗೆ ನಮ್ಮೂರ ಮನೆ ಕಣ್ಣಿಗೆ ಕಟ್ಟಿತು. ಮನೆಯಲ್ಲಿ ಮಗುವಿಗೆ ಅಮ್ಮ ಎದ್ದಿದ್ದರೆ ಒಗ್ಗರಣೆ ಹಾಕುವುದಿಲ್ಲ, ಎಣ್ಣೆಯಲ್ಲಿ ಕರಿಯುವುದಿಲ್ಲ. ಬಾಗಿಲಿಗೆ ಬೇವಿನ ಸೊಪ್ಪು, ಎಡೆಗೆ ಮೊಸರನ್ನ. ದನಿ ಎತ್ತಿ ಮಾತಾಡಿದರೂ ಹಿರಿಯರು ಕೈಸನ್ನೆ ಮಾಡುತ್ತಾರೆ. ತಾಯಿ ತಣ್ಣಗಾಗಲಿ ಎಂದು ಎಲ್ಲರ ಬೇಡಿಕೆ. ಉತ್ತರ ಭಾರತದವರು ಆ ತಾಯಿಗೆ ಇಟ್ಟ ಹೆಸರೇ ಶೀತಲಾ. ಬೆಂಕಿಯ ನಾಡಿನವರು ಜ್ವರದ ಮುಂದೆ, ಹಿಮದ ನಾಡಿನವರು ಹಿಮದ ಮುಂದೆ ಒಗ್ಗರಣೆ ಬಿಟ್ಟು ತಗ್ಗಿ ನಡೆದರು. ತಮಗಿಂತ ದೊಡ್ಡದರ ಎದುರು ಕಾಯಬಾರದು, ಕಾಯಿಸಬಾರದು ಎಂಬ ತಿಳಿವಳಿಕೆ ಇಬ್ಬರದೂ ಒಂದೇ.

ಇಷ್ಟು ಬಾಳಿದ ಪದಕ್ಕೆ ಈಚೆಗೆ ಒಂದು ಅನ್ಯಾಯ ನಡೆಯುತ್ತಿದೆ, ಅದನ್ನು ಹೇಳದೆ ಬಿಡಲಾರೆ. ಸುದ್ದಿಮನೆಗಳ ಕನ್ನಡದಲ್ಲಿ ‘ಬೆಚ್ಚನೆಯ ಸ್ವಾಗತ’ ಎಂದರೆ ಪ್ರೀತಿ, ‘ತಣ್ಣನೆಯ ಪ್ರತಿಕ್ರಿಯೆ’ ಎಂದರೆ ಅಸಡ್ಡೆ. ಇಂಗ್ಲೆಂಡಿನ ಚಳಿಯಲ್ಲಿ ಬೆಂಕಿಗೂಡಿನ ಪಕ್ಕ ಹುಟ್ಟಿದ ನುಡಿಗಟ್ಟನ್ನು ಎತ್ತಿಕೊಂಡು ಬಂದು ಎರೆನೆಲದಲ್ಲಿ ನೆಟ್ಟಿದ್ದೇವೆ. ಅವರಿಗೆ ಅದು ಸರಿ. ಅವರ ಹವೆಯ ಮಾತು ಅದು. ನಮ್ಮ ಮಾತಿಗೆ ನಮ್ಮ ಹವೆ ಬೇಡವೇ? ಮಲೆನಾಡಿನಲ್ಲಿ ಬೆಚ್ಚಗಿರುವುದು ಸುಖ, ಒಪ್ಪುತ್ತೇನೆ. ಆದರೆ ಮೇ ತಿಂಗಳ ಮಧ್ಯಾಹ್ನ ಅಬ್ಬೆತುಮಕೂರಿಗೆ ಬೀಗರು ಬಂದರೆ ಮೊದಲು ಕಾಲಿಗೆ ನೀರು, ಆಮೇಲೆ ಜಾಲಿ ಮರದ ನೆರಳಿಗೆ ಕಂಬಳಿ, ಆಮೇಲೆ ತೊಯ್ದ ಅರಿವೆ ಸುತ್ತಿದ ಗಡಿಗೆಯಿಂದ ತಂಬಿಗೆ ನೀರು, ಜೊತೆಗೆ ಒಂದು ಹೆಂಟೆ ಬೆಲ್ಲ. ಬೀಗರು ಆ ನೀರು ಕುಡಿದು ಉಸ್ಸೆಂದು ಕೂತ ಮೇಲೆಯೇ ಮಾತುಕತೆ ಶುರು. ಇದು ತಣ್ಣನೆಯ ಸ್ವಾಗತ. ಪತ್ರಿಕೆಯವರು ಕೆಂಪು ಗೆರೆ ಹಾಕಿ ತಿದ್ದಿದರೂ ಇನ್ನು ಮುಂದೆ ನನ್ನ ಬರಹದಲ್ಲಿ ಆ ಮಾತು ಒಳ್ಳೆಯ ಅರ್ಥದಲ್ಲೇ ಬರುತ್ತದೆ.