ತಿಳಿನೀರಿನ ಹೊಳೆ, ಮೀನಿಲ್ಲದ ಹೊಳೆ

ಹೊಳೆಯ ನೀರು ಕನ್ನಡಿಯಂತೆ ತಿಳಿಯಾಗಿದ್ದರೆ ಅದು ಒಳ್ಳೆಯ ನೀರೆಂದು ನಾವೆಲ್ಲ ನಂಬುತ್ತೇವೆ. ಬ್ರಿಟನ್ನಿನ ಪಡುವಣ ಅಂಚಿನ ವೇಲ್ಸ್ ನಾಡಿನ ಎರಡು ಹೊಳೆಗಳ ಕಥೆಯನ್ನು ಕೇಳಿದ ಮೇಲೆ ನಿಮಗೂ ಆ ನಂಬಿಕೆ ಕೊಂಚ ಅಲುಗಾಡೀತು.

ಕಾರ್ಡಿಗನ್‌ಷೈರ್ ಸೀಮೆಯ ಬೆಟ್ಟಗಳಿಂದ ಇಳಿದು, ಆಬರಿಸ್ಟ್ವಿತ್ ಪಟ್ಟಣದ ಒಂದೇ ಬಂದರಿನಲ್ಲಿ ಕಡಲನ್ನು ಸೇರುವ ಈ ಅಕ್ಕತಂಗಿಯರ ಹೆಸರು ರೈಡಾಲ್ ಮತ್ತು ಇಸ್ಟ್ವಿತ್. ಆ ಬೆಟ್ಟಗಳ ಒಡಲಲ್ಲಿ ಸೀಸವೂ ಸತುವೂ ಇದ್ದವು. ಹತ್ತೊಂಬತ್ತನೆಯ ಶತಮಾನದಲ್ಲಿ ಅದಿರನ್ನು ಕುಟ್ಟಿ ಪುಡಿಮಾಡಿ ಹೊಳೆಯ ನೀರಿನಲ್ಲಿ ತೊಳೆಯುತ್ತಿದ್ದರು. ಬೇಕಾದುದನ್ನು ಮಾರಿದರು, ಬೇಡವಾದುದು ದಡದಲ್ಲಿ ದಿಬ್ಬವಾಗಿ ಉಳಿಯಿತು. ಪ್ರವಾಹದಲ್ಲಿ ಆ ಮಣ್ಣು ತಗ್ಗಿನ ಹುಲ್ಲುಗಾವಲುಗಳ ಮೇಲೆ ಹರಡಿ ಸಾಕುಪ್ರಾಣಿಗಳು ಸಾಯುತ್ತಿದ್ದವು. ನದಿಮಾಲಿನ್ಯವನ್ನು ವಿಚಾರಿಸಿದ ಸರಕಾರಿ ಆಯೋಗವು 1874ರ ವರದಿಯಲ್ಲಿ ಇದನ್ನೆಲ್ಲ ಬರೆಯಿತು. ಬರೆದದ್ದಾಯಿತು, ಗಣಿಗಳ ಕೆಲಸವೇನೂ ನಿಲ್ಲಲಿಲ್ಲ.

ಮೊದಲ ಮಹಾಯುದ್ಧ ಮುಗಿಯುವ ವೇಳೆಗೆ ಬಹುಪಾಲು ಗಣಿಗಳು ತಾವಾಗಿಯೇ ಮುಚ್ಚಿದ್ದವು. ಆಗ ಕ್ಯಾಥ್ಲೀನ್ ಕಾರ್ಪೆಂಟರ್ ಎಂಬ ಜೀವಶಾಸ್ತ್ರಜ್ಞೆ ಈ ಹೊಳೆಗಳಿಗೆ ಇಳಿದು, ಕಲ್ಲುಗಳನ್ನು ಮಗುಚಿ, ಅಡಿಯಲ್ಲಿ ಯಾವ ಯಾವ ಜೀವಿಗಳಿವೆಯೆಂದು ಎಣಿಸತೊಡಗಿದರು. ಎಂಥ ಕೆಲಸವಪ್ಪ ಇದು ಎನ್ನಬೇಡಿ! ಹೊಳೆಯ ನಾಡಿಯನ್ನು ಹಿಡಿದು ನೋಡುವ ಬಗೆಯೇ ಇದು. ರೈಡಾಲಿನಲ್ಲಿ ಮೊದಲು ಸಿಕ್ಕಿದ್ದು ಬೆರಳೆಣಿಕೆಗಿಂತ ತುಸು ಹೆಚ್ಚಿನ ಜಾತಿಗಳು ಮಾತ್ರ. ಕೆಲವು ಕೀಟಗಳ ಮರಿಗಳಿದ್ದವು. ಬಸವನಹುಳು, ಸೀಗಡಿ ಜಾತಿಯ ಜೀವಿಗಳಿರಲಿಲ್ಲ, ಮೀನಂತೂ ಇಲ್ಲವೇ ಇಲ್ಲ. ನೀರು ಮಾತ್ರ ಸ್ಫಟಿಕದಂತಿತ್ತು.

ಮೀನು ಸಾಯುವುದೇಕೆ? ಕಾರ್ಪೆಂಟರ್ ಅವರು ಸೀಸದ ಲವಣ ಬೆರೆಸಿದ ನೀರಿನಲ್ಲಿ ಮೀನುಗಳನ್ನಿಟ್ಟು ನೋಡಿದರು. ಕಿವಿರುಗಳ ಮೇಲಿನ ಲೋಳೆಯು ಲೋಹದೊಡನೆ ಸೇರಿ ಹೆಪ್ಪುಗಟ್ಟಿ ಪೊರೆಯಾಗುತ್ತಿತ್ತು. ನೀರಿನಲ್ಲಿ ಗಾಳಿಯಿದ್ದೂ ಮೀನು ಉಸಿರುಕಟ್ಟಿ ಸಾಯುತ್ತಿತ್ತು. ವಿಷ ತೀರ ಕಡಿಮೆಯಿದ್ದಾಗ ಕೇಡಿನ ದಾರಿ ಬೇರೆ: ಸತುವು ಕಿವಿರಿನ ಮೂಲಕ ಸುಣ್ಣದ ಅಂಶವು ಮೈಗೆ ಸೇರದಂತೆ ತಡೆಯುತ್ತದೆಂದು ನಂತರದ ಸಂಶೋಧನೆ ತೋರಿಸಿದೆ. ಆ ಬೆಟ್ಟದ ಮೆದುನೀರಿನಲ್ಲಿ ಸುಣ್ಣವೇ ಕಡಿಮೆ. ಹೀಗಾಗಿ ಅಪಾಯ ಇಮ್ಮಡಿ.

1928ರಲ್ಲಿ ಅವರು ಒಳನಾಡಿನ ನೀರಿನ ಜೀವಿಗಳನ್ನು ಕುರಿತು ಪುಸ್ತಕ ಬರೆದರು. ಅಷ್ಟರಲ್ಲಿ ರೈಡಾಲ್ ಚೇತರಿಸಿಕೊಳ್ಳುತ್ತಿತ್ತು. 1930ರ ದಶಕದ ಆರಂಭದಲ್ಲಿ ನಡೆದ ಎಣಿಕೆಯಲ್ಲಿ ಅಲ್ಲಿ ನೂರರಷ್ಟು ಜಾತಿಗಳು ಕಂಡುಬಂದವು, ಟ್ರೌಟ್ ಮೀನೂ ಮರಳಿತು. ತಂಗಿ ಇಸ್ಟ್ವಿತ್ತಿಗೆ ಆ ಭಾಗ್ಯವಿರಲಿಲ್ಲ. ಗಣಿಗಳು ಬಿಟ್ಟುಹೋದ ಮೇಲೂ, 1940ರ ಸುಮಾರಿನಲ್ಲಿ, ಆ ನೀರು ಮೀನಿಲ್ಲದ ನೀರೇ. ಮಳೆ ಬಿದ್ದಾಗಲೆಲ್ಲ ದಿಬ್ಬಗಳಿಂದ ಸತು ಕರಗಿ ಹೊಳೆಗೆ ಇಳಿಯುತ್ತಿತ್ತು.

ರೈಡಾಲಿನ ಕಷ್ಟವೂ ತೀರಿರಲಿಲ್ಲವೆನ್ನಿ. 1969ರಲ್ಲಿ ಹಳೆಯ ಗಣಿಯ ಸುರಂಗದಲ್ಲಿ ನಿಂತಿದ್ದ ನೀರು ನುಗ್ಗಿ ಬಂದು, ತಿಳಿಯಾದ ಆ ಹೊಳೆ ಕಿತ್ತಳೆ ಬಣ್ಣವಾಗಿ ಹರಿಯಿತು.